ಚಾಪೆ ಬಿಟ್ಟು ನಾಲ್ಕು ನಿಮಿಷ

ಜುಲೈ 3, ಭಾನುವಾರ

ಅಕ್ಕಾ,

ಲಾಂಡ್ರಿಯವರು ಕೊಡುತ್ತೇವೆ ಎಂದದ್ದು ಇಷ್ಟು: ರೋಲರಿನ ಮುಂದೆ ನಿಲ್ಲುವವರಿಗೆ ಗಂಟೆಗೊಮ್ಮೆ ಕೂರಲು ಸ್ಟೂಲು. ಇಸ್ತ್ರಿ ಹಾಲಿಗೆ ಎರಡು ಫ್ಯಾನು. ಅದೇ ಮಹಡಿಯಲ್ಲಿ ಕುಡಿಯುವ ನೀರು. ಹಾಸ್ಟೆಲಿನ ಕೋಣೆಗೆ ಕಿಟಕಿ. ಫೋನು ನಮ್ಮ ಕೈಯಲ್ಲೇ.

ಕೊಟ್ಟದ್ದು: ಸ್ಟೂಲಿಲ್ಲ. ಫ್ಯಾನು ಒಂದು, ಅದರ ಮುಖ ಸೂಪರ್‌ವೈಸರನ ಮೇಜಿನ ಕಡೆಗೆ. ನೀರು ಕೆಳಗಿನ ಮಹಡಿಯಲ್ಲಿ, ಮೂವತ್ತೆರಡು ಮೆಟ್ಟಿಲು. ಕಿಟಕಿ ಇದೆ, ಮೊಳೆ ಹೊಡೆದಿದ್ದಾರೆ. ಫೋನು ವಾರ್ಡನಮ್ಮನ ತಗಡಿನ ಪೆಟ್ಟಿಗೆಯಲ್ಲಿ. ಭಾನುವಾರ ಒಂದು ತಾಸು ಸಿಗುತ್ತದೆ, ಆಗ ಅವಳು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೂತಿರುತ್ತಾಳೆ. ಅದಕ್ಕೇ ಕಾಗದ. ನೀನು ಬರೆಯುವುದನ್ನು ಹಾಸ್ಟೆಲಿಗೆ ಕಳಿಸಬೇಡ, ಇಲ್ಲಿ ಕವರು ಒಡೆಯುತ್ತಾರೆ. ಗೇಟಿನ ಎದುರು ಪಂಕ್ಚರ್ ಹಾಕುವವನ ಅಂಗಡಿಯ ವಿಳಾಸ ಹಾಳೆಯ ಹಿಂದೆ ಬರೆದಿದ್ದೇನೆ.

ಆಸ್ಪತ್ರೆ, ಹೋಟೆಲುಗಳ ಹಾಸು ಒಗೆಯುವ ಲಾಂಡ್ರಿ ಎಂದರೆ ನೀನು ಸೋಪಿನ ವಾಸನೆ ಅಂದುಕೊಂಡಿರುತ್ತೀಯ. ಇಲ್ಲಿ ಇರುವುದು ಹಬೆ. ಒದ್ದೆ ಹಾಸಿನ ಎರಡು ತುದಿ ಇಬ್ಬರು ಹಿಡಿದು ಕಾದ ರೋಲರಿನ ಬಾಯಿಗೆ ಕೊಡಬೇಕು. ನಿಮಿಷಕ್ಕೆ ನಾಲ್ಕು ಹಾಸು. ನನ್ನ ಜೋಡಿ ದೊಡ್ಡಮ್ಮ. ನಮ್ಮ ದೊಡ್ಡಮ್ಮ ಅಲ್ಲ, ಈ ಹಾಲಿನಲ್ಲಿ ಎಲ್ಲರಿಗೂ ದೊಡ್ಡಮ್ಮ. ಮೊನ್ನೆ ಸ್ಟೂಲು ಕೇಳಿದ್ದಕ್ಕೆ ಸೂಪರ್‌ವೈಸರ್ ಅಂದ, "ಸ್ಟೂಲ್ ಕೊಟ್ರೆ ಮಲ್ಕೊಂಡ್ಬಿಡ್ತೀರ ನೀವು." ದೊಡ್ಡಮ್ಮ ಹಾಸಿನ ತುದಿ ಬಿಡದೆಯೇ ಅಂದಳು, "ಮಲ್ಗೋಕೆ ಸ್ಟೂಲ್ ಯಾಕಪ್ಪ, ನಿನ್ ಭಾಷಣ ಸಾಲ್ದಾ?"

ನಾವು ಕಟ್ಟುತ್ತಿರುವ ಸಂಘಕ್ಕೆ ಈಗ ಒಂಬತ್ತು ಜನ. ಅರ್ಜಿ ಬರೆಯುತ್ತಿದ್ದೇನೆ. ಅಪ್ಪನ ಹಾಗೆ, ಪ್ರತಿಯೊಬ್ಬಳಿಗೂ ಪೂರ್ತಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು.

ನಿನ್ನ ತಂಗಿ

*

ಜುಲೈ 9, ಶನಿವಾರ

ಪ್ರೀತಿಯ ಮೆಣಸಿನಕಾಯಿ,

ನಿನ್ನ ಕಾಗದ ಮುಟ್ಟಿದರೆ ಕೈ ಉರಿಯುತ್ತದೆ. ಒಳ್ಳೆಯದೇ. ಆದರೆ ಮೂಗಿನ ತುದಿಯ ಸಿಟ್ಟನ್ನು ಸ್ವಲ್ಪ ಒಳಗೆ ಎಳೆದುಕೋ. ಒಂಬತ್ತು ಜನರಲ್ಲಿ ನಿನ್ನನ್ನೊಬ್ಬಳನ್ನು ಹೊರಗೆ ಹಾಕುವುದು ಅವರಿಗೆ ಕಷ್ಟವಲ್ಲ.

ನನ್ನ ವಿಷಯ ಹೊಸ ವರ್ಷಕ್ಕೆ ಮತ್ತೆ ಶುರುವಾಯಿತು. "ವೃತ್ತಿ ಕೌಶಲ ಮತ್ತು ನೀತಿ." ವಾರಕ್ಕೆ ಎರಡು ತರಗತಿ, ಎರಡೂ ಮಧ್ಯಾಹ್ನ ಊಟದ ಮೇಲೆ. ಕಂಪ್ಯೂಟರ್ ವಿಭಾಗದ ಮಕ್ಕಳು ಇದನ್ನು "ನಿದ್ದೆ ಪೀರಿಯಡ್" ಅನ್ನುತ್ತಾರೆ. ನಾನು ಮಾತ್ರ ಮೊದಲ ದಿನವೇ ಅವರ ನಿದ್ದೆ ಕೆಡಿಸುತ್ತೇನೆ. ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಹಂಚಿ, "ಕೆಳಗೆ ಸಹಿ ಹಾಕಿ ಕೊಡಿ" ಎನ್ನುತ್ತೇನೆ. ಹಾಕುತ್ತಾರೆ. ವಾಪಸ್ ಪಡೆದು ಒಂದರ ಮೇಲೆ ಜೋರಾಗಿ ಹೇಳುತ್ತ ಬರೆಯುತ್ತೇನೆ: "ಈ ವರ್ಷ ನಾನು ಸ್ವಂತ ಇಚ್ಛೆಯಿಂದ ಫೇಲಾಗಲು ಒಪ್ಪಿದ್ದೇನೆ." ಆಗ ನೋಡಬೇಕು! "ಮಿಸ್, ಮೋಸ ಮಿಸ್!" ಎಂದು ಹಿಂದಿನ ಬೆಂಚಿನವರು ಎದ್ದು ನಿಲ್ಲುತ್ತಾರೆ. ಓದದೆ ಸಹಿ ಹಾಕಬಾರದು, ಹಾಕಿದ್ದರ ಒಂದು ಪ್ರತಿ ನಿಮ್ಮ ಹತ್ತಿರ ಇರಬೇಕು. ಅಪ್ಪನ ಪಾಠವೇ ಅದು, ನಾನು ಹಲಗೆಗೆ ತಂದಿದ್ದೇನೆ ಅಷ್ಟೆ.

ಅಂತಿಮ ವರ್ಷದವಳೊಬ್ಬಳಿದ್ದಾಳೆ, ದಪ್ಪ ಕನ್ನಡಕ, ಎಲ್ಲರೂ ಚಷ್ಮಾ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಆ ಹಾಳೆಗೆ ಸಹಿ ಹಾಕದವಳು ಅವಳೊಬ್ಬಳೇ. "ಮೇಲೆ ಏನ್ ಬರೀತೀರ ಮಿಸ್, ಅದನ್ನ ಮೊದ್ಲು ಹೇಳಿ" ಎಂದಿದ್ದಳು. ಈಗ ಅವಳ ಗುಂಪಿನ ನಾಲ್ವರು ಒಂದು ಚಾಪೆ ಮಾಡಿದ್ದಾರೆ, ರಬ್ಬರಿನದು. ಯಂತ್ರದ ಮುಂದೆ ಹಾಸುವುದು. ನಿಂತವರು ತಲೆ ಸುತ್ತಿ ಬಿದ್ದರೆ, ಕಾಲು ಸರಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಕಾಲೇಜು ಅದನ್ನು ಯಾವುದೋ ಕಾರ್ಖಾನೆಗೆ ಕೊಡುತ್ತಿದೆಯಂತೆ. ನನಗೆ ಎಷ್ಟು ಹೆಮ್ಮೆ ಗೊತ್ತಾ?

ನನ್ನ ಮೂಲ ಸರ್ಟಿಫಿಕೇಟುಗಳು ಇನ್ನೂ ಕಚೇರಿಯ ಬೀರುವಿನಲ್ಲೇ ಇವೆ. ಮೂರು ವರ್ಷ ಬಿಡುವುದಿಲ್ಲ ಎಂದು ಸೇರುವಾಗ ಬರೆಸಿಕೊಂಡಿದ್ದರಲ್ಲ, ಇನ್ನು ಎಂಟು ತಿಂಗಳು.

ಹೋದ ತಿಂಗಳು ತಪಾಸಣೆಯ ಗಲಾಟೆ. ಸಹಿ ಹಾಕಿ ಹಾಕಿ ಕೈ ನೋವು. ಇರಲಿ.

ನಿನ್ನ ಅಕ್ಕ

*

ಜುಲೈ 24, ಭಾನುವಾರ

ಅಕ್ಕಾ,

ಕೂತುಕೊಂಡು ಓದು. ನಿನ್ನ ಮಕ್ಕಳ ಚಾಪೆ ನಮ್ಮ ಹಾಲಿಗೇ ಬಂದಿದೆ!

ಅದೇ ಇರಬೇಕು. ಕಪ್ಪು ರಬ್ಬರು, ಅಂಚಿನಲ್ಲಿ ಹಳದಿ ಪಟ್ಟಿ, ಪಕ್ಕದಿಂದ ರೋಲರಿಗೆ ಒಂದು ತಂತಿ. ಸೋಮವಾರ ಹಾಸಿದರು. ಕಾಲಿಗೆ ಮೆತ್ತಗಿದೆ, ಹಿಮ್ಮಡಿ ನೋವು ಅರ್ಧ ಇಳಿಯಿತು. ನಾನು ಬೇಕೆಂದೇ ಕಾಲು ತೆಗೆದು ನೋಡಿದೆ. ಟಕ್ ಎಂದು ರೋಲರು ನಿಂತಿತು. ಮತ್ತೆ ಇಟ್ಟೆ, ತಿರುಗಿತು. ಮೂರು ಸಲ ಮಾಡಿದೆ. ಇಷ್ಟು ವರ್ಷದಲ್ಲಿ ಯಂತ್ರ ನನ್ನ ಮಾತು ಕೇಳಿದ್ದು ಅದೇ ಮೊದಲು.

"ನಮ್ಮಕ್ಕನ ಕಾಲೇಜಿನೋರು ಮಾಡಿದ್ದು" ಎಂದೆ. ದೊಡ್ಡಮ್ಮ ಹಳದಿ ಪಟ್ಟಿಯನ್ನು ಕೈಯಿಂದ ಸವರಿ, "ಓದಿದೋರು ನಮ್ ಕಾಲ್ ಕಡೆನೂ ನೋಡಿದ್ರಲ್ಲ ಬಿಡು" ಎಂದಳು. ಸೂಪರ್‌ವೈಸರನಿಗೆ ಮಾತ್ರ ಹೊಟ್ಟೆಯುರಿ. ಒಂದೇ ದಿನ ಹನ್ನೊಂದು ಸಲ ನಿಂತಿತು, ಇನ್ನೂರು ಹಾಸು ಕಡಿಮೆಯಾಯಿತು ಎಂದು ಕೂಗಾಡುತ್ತಿದ್ದ.

ಆ ಚಷ್ಮಾಳಿಗೆ ಇಸ್ತ್ರಿ ಹಾಲಿನವರೆಲ್ಲ ಕೇಳಿದರು ಎಂದು ಹೇಳು.

ತಂಗಿ

*

ಆಗಸ್ಟ್ 21, ಭಾನುವಾರ

ಅಕ್ಕಾ,

ಹತ್ತು ದಿನದ ಹಿಂದೆ ತಂತಿ ಕಿತ್ತರು. ರೋಲರಿಗೆ ಹೋಗುತ್ತಿದ್ದ ತುದಿಗೆ ಟೇಪು ಸುತ್ತಿ ಮೂಲೆಗೆ ಬಿಸಾಡಿದ್ದಾರೆ. ಚಾಪೆಯನ್ನು ಮಾತ್ರ ತೆಗೆದಿಲ್ಲ. ಅದು ಈಗ ಯಂತ್ರ ನಿಲ್ಲಿಸುವುದಿಲ್ಲ, ನಮ್ಮನ್ನು ನಿಲ್ಲಿಸುತ್ತದೆ. ಗೋಡೆಗೆ ಟೀವಿ ಹಾಕಿದ್ದಾರೆ. ಅದರಲ್ಲಿ ನಮ್ಮ ಹೆಸರು, ಪಕ್ಕದಲ್ಲಿ ಕಾಲು ಚಾಪೆ ಬಿಟ್ಟ ನಿಮಿಷ. ಊಟದವರೆಗೆ ನಾಲ್ಕು, ಊಟದ ಮೇಲೆ ನಾಲ್ಕು. ಮೀರಿದರೆ ಹೆಸರು ಕೆಂಪು. ಮೂರು ಸಲ ಕೆಂಪಾದರೆ ಮನೆಗೆ.

ನೀರಿಗೆ ಮೂವತ್ತೆರಡು ಮೆಟ್ಟಿಲು ಇಳಿದು ಹತ್ತಿದರೆ ಮೂರು ನಿಮಿಷ. ಪಾಯಿಖಾನೆಗೆ ನಾಲ್ಕು. ಯಾವುದು ಬೇಕೋ ಆರಿಸಿಕೊಳ್ಳಬೇಕು. ನಮ್ಮಲ್ಲಿ ಅರ್ಧ ಜನ ನೀರು ಬಿಟ್ಟಿದ್ದಾರೆ. ಹಬೆಯಲ್ಲಿ ನಿಂತು ನೀರು ಬಿಟ್ಟಿದ್ದಾರೆ, ಅಕ್ಕ.

ಟೀವಿಯ ಕೆಳಗೆ ಕಟ್ಟು ಹಾಕಿಸಿದ ಒಂದು ಕಾಗದ ತೂಗು ಹಾಕಿದ್ದಾರೆ.

ಒಂದು ಕೇಳುತ್ತೇನೆ. ಸಹಿಯ ಕೊನೆಗೆ ಅಪ್ಪ ನಿನಗೆ ಕಲಿಸಿದ್ದ ಆ ಕೊಕ್ಕೆ, ಮೀನು ಹಿಡಿಯುವ ಗಾಳದ ಹಾಗೆ ಎಳೆಯುತ್ತಿದ್ದೆಯಲ್ಲ, ಈಗಲೂ ಎಳೆಯುತ್ತೀಯಾ?

ತಂಗಿ

*

ಆಗಸ್ಟ್ 27, ಶನಿವಾರ

ಪ್ರೀತಿಯ ಮೆಣಸಿನಕಾಯಿ,

ಓದಿ ಬೇಜಾರಾಯಿತು. ಆದರೆ ಅದು ನಮ್ಮ ಮಕ್ಕಳ ಚಾಪೆಯೇ ಎಂದು ಹೇಗೆ ಹೇಳುವುದು? ಅಂಥವನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಒಂದು ವೇಳೆ ನಮ್ಮದೇ ಆದರೂ, ಕೊಂಡವರು ತಂತಿ ಕಿತ್ತರೆ ಮಾಡಿದವರು ಏನು ಮಾಡಲು ಸಾಧ್ಯ? ಇದು ಸಂಕೀರ್ಣ ಪ್ರಶ್ನೆ. ತರಗತಿಯಲ್ಲೂ ಇಂಥದ್ದಕ್ಕೆ ಹಲವು ಬದಿಗಳಿಂದ ಉತ್ತರ ಹುಡುಕುತ್ತೇವೆ.

ಕೊಕ್ಕೆ ನೆನಪಿದೆಯಾ ನಿನಗೆ? ಈಗಲೂ ಎಳೆಯುತ್ತೇನೆ. ತಾಲೂಕು ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅಪ್ಪ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದು, "ಇನ್ನೊಂದ್ಸಲ ಓದ್ತೀನಿ ಕೇಳಮ್ಮ" ಎಂದು ಪರರ ಅರ್ಜಿಯನ್ನು ಅವರಿಗೇ ಓದಿ ಹೇಳುತ್ತಿದ್ದುದು ಎಲ್ಲ ಕಣ್ಣಿಗೆ ಕಟ್ಟುತ್ತದೆ. ನಿನಗೂ ಅಪ್ಪನ ನೆನಪು ಬಂತಲ್ಲ, ಖುಷಿಯಾಯಿತು.

ನೀರು ಕುಡಿ. ಆರೋಗ್ಯ ನೋಡಿಕೋ.

ಅಕ್ಕ

*

ಸೆಪ್ಟೆಂಬರ್ 4, ಭಾನುವಾರ

ಹಲವು ಬದಿ ಎಂದೆಯಲ್ಲ. ಒಂದೇ ಬದಿ ಹೇಳುತ್ತೇನೆ.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ದೊಡ್ಡಮ್ಮನ ತುಟಿ ಒಣಗಿ ಬೆಳ್ಳಗಾಗಿತ್ತು. "ಕೆಳಗ್ ಹೋಗಿ ಬಾ, ನಾನೊಬ್ಳೇ ಹಿಡೀತೀನಿ" ಎಂದೆ. ಅವಳು ಟೀವಿ ನೋಡಿದಳು. ಮೂರು ನಿಮಿಷ ನಲವತ್ತು ಸೆಕೆಂಡು ಆಗಲೇ ಖರ್ಚಾಗಿತ್ತು, ಹಿಂದೆ ಎರಡು ಕೆಂಪು ಇದ್ದವು. "ಊಟಕ್ ಇನ್ನೊಂದ್ ಗಂಟೆ ತಾನೇ, ಹಲ್ ಕಚ್ಕೊಂಡ್ ನಿಲ್ತೀನಿ" ಎಂದಳು. ಹತ್ತು ಹಾಸು ಆಗಿರಬೇಕು. ಕಣ್ಣು ಮೇಲೆ ಹೋಯಿತು. ಮುಂದಕ್ಕೆ ಬಿದ್ದಳು, ಹಾಸಿನ ಜೊತೆ ಬಲಗೈ ಒಳಗೆ ಹೋಯಿತು. ಕಾಲು ಚಾಪೆ ಬಿಟ್ಟಿತ್ತು ಅಕ್ಕ. ಕಾಲು ಚಾಪೆ ಬಿಟ್ಟರೆ ರೋಲರು ನಿಲ್ಲಬೇಕಿತ್ತು. ಟೀವಿಯಲ್ಲಿ ಸೆಕೆಂಡು ಓಡುತ್ತಿತ್ತು, ಅಷ್ಟೆ. ನಾನು ಓಡಿ ಹೋಗಿ ಮೇನ್ ಸ್ವಿಚ್ಚು ಬಡಿದೆ.

ಅಂಗೈ, ನಾಲ್ಕು ಬೆರಳು ಬೆಂದಿವೆ. ಆಸ್ಪತ್ರೆಯಲ್ಲಿ ಅವಳು ಮಲಗಿರುವ ಹಾಸು ನಾವೇ ಇಸ್ತ್ರಿ ಮಾಡಿದ್ದು.

ಮಾಲೀಕರು ಏನೆಂದರು ಗೊತ್ತೇ? ಅವಳದೇ ಅಜಾಗರೂಕತೆಯಂತೆ. ಚಾಪೆಯಲ್ಲಿ ತಪ್ಪಿಲ್ಲವಂತೆ, ಏಕೆಂದರೆ ಕಾಲೇಜಿನ ನೀತಿಶಾಸ್ತ್ರದ ಮೇಡಂ ಪರಿಶೀಲಿಸಿ ಸಹಿ ಹಾಕಿದ್ದಾರಂತೆ. ಕಟ್ಟು ಹಾಕಿದ ಆ ಕಾಗದವನ್ನು ಗೋಡೆಯಿಂದ ಇಳಿಸಿ ನಮ್ಮ ಮುಖಕ್ಕೆ ಹಿಡಿದರು. "ಈ ಪ್ರೋಗ್ರಾಮಿನಿಂದ ಯಾರಿಗೆ ತೊಂದರೆ ಆಗಬಹುದು?" ಎಂಬ ಪ್ರಶ್ನೆ. "ಯಾರಿಗೂ ಇಲ್ಲ" ಎಂಬ ಉತ್ತರ. ಕೆಳಗೆ ಕೊಕ್ಕೆ.

ಎರಡು ವಾರದ ಹಿಂದೆಯೇ ನೋಡಿದ್ದೆ. ನೀನೇ ಹೇಳಲಿ ಎಂದು ಕಾದೆ. ನೀನು ಬೇವಿನ ಮರ ಬರೆದೆ.

ಎಷ್ಟಕ್ಕೆ ಮಾರಿಕೊಂಡೆ ಎಂದು ಕೇಳುವುದಿಲ್ಲ. ಯಾಕೆ ಎಂದು ಹೇಳು.

*

ಸೆಪ್ಟೆಂಬರ್ 11, ಭಾನುವಾರ

ವಾರವಾಯಿತು. ಪಂಕ್ಚರ್ ಅಂಗಡಿಯವನು ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸುತ್ತಾನೆ.

ಸುಮ್ಮನಿರುವುದೂ ಒಂದು ಸಹಿಯೇ.

*

ಸೆಪ್ಟೆಂಬರ್ 15, ಗುರುವಾರ

ತಂಗೀ,

ಮಾರಿಕೊಳ್ಳಲಿಲ್ಲ. ಮಾರಿಕೊಂಡಿದ್ದರೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ನಾನು ಓದದೆ ಸಹಿ ಹಾಕಿದೆ.

ಜೂನ್ ಕೊನೆಯಲ್ಲಿ ತಪಾಸಣೆಯ ತಂಡ ಬರುವುದಿತ್ತು. ಪ್ರತಿ ಪ್ರಾಜೆಕ್ಟಿಗೂ ನೀತಿ ಪರಿಶೀಲನೆಯ ಫಾರಂ ಇರಬೇಕು. ಗುಮಾಸ್ತರು ಕಾರಿಡಾರಿನಲ್ಲಿ ಸಿಕ್ಕಿ, "ಮೇಡಂ, ಬರೀ ಫಾರ್ಮಾಲಿಟಿ. ಇಪ್ಪತ್ನಾಕು ಇದೆ, ಕೆಳಗೊಂದ್ ಹಾಕ್ಬಿಡಿ, ಮೇಲಿಂದು ಆಮೇಲೆ ತುಂಬ್ಕೋತಾರೆ" ಎಂದರು. ನೀರಿನ ಫಿಲ್ಟರಿನ ಮೇಲೆ ಕಟ್ಟು ಇಟ್ಟು, ನಿಂತಲ್ಲೇ ಇಪ್ಪತ್ತನಾಲ್ಕು ಖಾಲಿ ಫಾರಮ್ಮಿಗೆ ಸಹಿ ಹಾಕಿದೆ. ಪ್ರತಿಯೊಂದಕ್ಕೂ ಕೊಕ್ಕೆ. ಹತ್ತು ನಿಮಿಷವೂ ಆಗಲಿಲ್ಲ. ಮುಂದಿನ ವಾರ ಅದೇ ಕಾರಿಡಾರಿನಲ್ಲಿ ನಡೆದು ಹೋಗಿ, ಮಕ್ಕಳಿಗೆ ಖಾಲಿ ಹಾಳೆ ಹಂಚಿ, "ಓದದೆ ಸಹಿ ಹಾಕಬಾರದು" ಎಂದೆ. ಹಲಗೆಯ ಮುಂದೆ ನಿಂತಾಗ ನನಗೆ ಒಂದು ಕ್ಷಣವೂ ನೆನಪಾಗಲಿಲ್ಲ. ಅದನ್ನು ನಂಬಲು ನನಗೇ ಆಗುತ್ತಿಲ್ಲ.

ಆಗಸ್ಟಿನಲ್ಲಿ ನಿನ್ನ ಕಾಗದ ಬಂದ ದಿನವೇ ಫೈಲು ತೆಗೆಸಿದೆ. "ಯಾರಿಗೂ ಇಲ್ಲ" ಎಂಬುದನ್ನು ನೋಡಿದೆ. ಹೌದು, ಬೇವಿನ ಮರ ಬರೆಯುವಾಗ ನನಗೆ ಗೊತ್ತಿತ್ತು. ಹೆದರಿಕೆ.

ಚಷ್ಮಾಳನ್ನು ಕರೆದು ಕೇಳಿದೆ. "ನಾವು ಹಾಗ್ ಬರೀಲಿಲ್ಲ ಮಿಸ್" ಎಂದು ಚೀಲದಿಂದ ಒಂದು ಹಾಳೆ ತೆಗೆದಳು. ಅದೇ ಪ್ರಶ್ನೆಗೆ ಅವರು ಬರೆದ ಮೊದಲ ಉತ್ತರ, ಒಂದು ಪುಟ ತುಂಬ. "ಯಂತ್ರ ನಿಲ್ಲಿಸುವ ತಂತಿ ತೆಗೆದು ಬರೀ ಎಣಿಕೆ ಇಟ್ಟುಕೊಂಡರೆ, ಕೆಲಸಗಾರರು ನೀರಿಗೂ ಪಾಯಿಖಾನೆಗೂ ಹೋಗದಂತೆ ತಡೆಯಲು ಇದನ್ನು ಬಳಸಬಹುದು. ಆದ್ದರಿಂದ ಹೆಸರು, ನಿಮಿಷ ಎರಡನ್ನೂ ಉಳಿಸಿಡಬಾರದು." ತಾರೀಖು, ನಾಲ್ವರ ಸಹಿ. ವಿಭಾಗದ ಮುಖ್ಯಸ್ಥರು ಓದಿ, "ಗಿರಾಕಿನ ಓಡಿಸೋಕೆ ಬರ್ದಿದ್ದೀರಾ?" ಎಂದು ಬೇರೆ ಟೈಪ್ ಮಾಡಿಸಿ, ಹೆಸರು-ನಿಮಿಷ ಉಳಿಯುವ ಹಾಗೆ ಪ್ರೋಗ್ರಾಮನ್ನೂ ಬದಲಿಸಲು ಹೇಳಿದರಂತೆ. ಮಕ್ಕಳು ಒಪ್ಪದೆ ನಿಂತಿದ್ದರು. ಆಗ ಅವರು ನನ್ನ ಸಹಿ ತೋರಿಸಿದರಂತೆ. "ಮಿಸ್ಸೇ ನೋಡಿದ್ದಾರೆ ಅಂದ್ಮೇಲೆ ನಾವೇ ಏನೋ ತಪ್ ತಿಳ್ಕೊಂಡಿರ್ಬೇಕು ಅಂದ್ಕೊಂಡ್ವಿ" ಎಂದಳು. ಪ್ರತಿ ಇಟ್ಟುಕೊಳ್ಳುವುದನ್ನು ನಾನೇ ಕಲಿಸಿದ್ದೆನಂತೆ, ಇಟ್ಟುಕೊಂಡಿದ್ದಾಳೆ.

ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಚಹಾ ತರಿಸಿದರು. "ಮೇಡಂ, ನೀತಿ ಪಾಠದ ಟೀಚರೇ ಓದ್ದೆ ಸಹಿ ಹಾಕಿದ್ರು ಅಂತ ನೀವೇ ಊರಿಗೆಲ್ಲ ಸಾರ್ಕೊಂಡ್ ಬರ್ತೀರಾ? ಸಾರ್ಕೊಳ್ಳಿ ಬೇಕಾದ್ರೆ. ನಿಮ್ ಸರ್ಟಿಫಿಕೇಟು ನಮ್ ಬೀರುನಲ್ಲಿ ಬೆಚ್ಚಗಿರತ್ತೆ. ಆದ್ರೆ ಫಾರಂ ಸುಳ್ಳು ಅಂದ್ರೆ ಆ ನಾಲ್ಕೂ ಮಕ್ಕಳ ಪ್ರಾಜೆಕ್ಟೂ ಸುಳ್ಳು. ಇನ್ನೊಂದ್ ವರ್ಷ ಕೂರ್ತಾರೆ. ಅವರಪ್ಪ-ಅಮ್ಮಂದಿರಿಗೆ ನೀವೇ ಹೇಳಿ." ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು.

ನಾನು ಬಾಯಿ ತೆರೆದರೆ ಮಕ್ಕಳು ಮುಳುಗುತ್ತಾರೆ. ಮುಚ್ಚಿದರೆ ನಿನ್ನ ದೊಡ್ಡಮ್ಮ. ಹಿಂದಿನ ಕಾಲೇಜೂ ಸೇರಿ ಎಂಟು ವರ್ಷದಿಂದ ಇಂಥ ಪ್ರಶ್ನೆಗಳನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಿದ್ದೇನೆ. "ಚರ್ಚಿಸಿ" ಎಂದು.

ನನ್ನನ್ನು ಕ್ಷಮಿಸು.

ಅಕ್ಕ

*

ಸೆಪ್ಟೆಂಬರ್ 18, ಭಾನುವಾರ

ಅಕ್ಕಾ,

ಕ್ಷಮೆ ಸ್ಟಾಕಿಲ್ಲ. ಬಂದಾಗ ತಿಳಿಸುತ್ತೇನೆ.

ಆದರೆ ಮಾರಿಕೊಂಡೆ ಎಂದದ್ದು ತಪ್ಪು. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಕಾಗದವನ್ನು ಆಸ್ಪತ್ರೆಯಲ್ಲಿ ದೊಡ್ಡಮ್ಮನಿಗೆ ಓದಿ ಹೇಳಿದೆ, ಒಂದಕ್ಷರ ಬಿಡದೆ. ಎಡಗೈಯಿಂದ ನೀರು ಕುಡಿಯುತ್ತ ಕೇಳಿದಳು. ಲೋಟ ಖಾಲಿ ಮಾಡಿ ಅಂದಳು, "ನಿಮ್ಮಕ್ಕಂಗೆ ಹೇಳು. ಸಹಿ ಹಾಕಿದ್ ಕೈ ಚೆನ್ನಾಗೇ ಇದ್ಯಲ್ಲ, ಅದ್ರಲ್ಲೇ ಇನ್ನೊಂದ್ ಹಾಕ್ಲಿ."

ಮಕ್ಕಳು ಮುಳುಗುತ್ತಾರೆ ಎಂದು ನೀನೇ ತೀರ್ಮಾನ ಮಾಡಿಬಿಟ್ಟೆಯಲ್ಲ, ಅವರನ್ನು ಕೇಳಿದೆಯಾ? ಮಾಲೀಕರೂ ನಮ್ಮ ಬಗ್ಗೆ ಹೀಗೇ ಮಾತಾಡುತ್ತಾರೆ. "ಆ ಹೆಣ್ಮಕ್ಳಿಗೆ ತೊಂದ್ರೆ ಆಗ್ಬಾರ್ದು ಅಂತ" ಎಂದು. ನಮ್ಮ ಹೆಸರಿನಲ್ಲಿ ಹೆದರುವುದು ಬಿಡಿ.

ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಿದ್ದೇವೆ, ಹದಿನಾಲ್ಕು ಹೆಬ್ಬೆಟ್ಟು, ಐದು ಸಹಿ. ವಿಚಾರಣೆಗೆ ಕರೆಯುತ್ತೇವೆ ಎಂದಿದ್ದರು. ನೋಟಿಸು ಇನ್ನೂ ಬಂದಿಲ್ಲ. ಬಂದಿರಲೂಬಹುದು. ವಿಳಾಸ ಲಾಂಡ್ರಿಯದು, ಕವರು ವಾರ್ಡನಮ್ಮನ ಕೈಗೆ. ದಿನ ಗೊತ್ತಾಗದೆ ನಾವು ಹೋಗದಿದ್ದರೆ ದೂರು ಬಿದ್ದುಹೋಗುತ್ತದೆ. ಅದನ್ನೇ ಅವರು ಕಾಯುತ್ತಿರುವುದು. ದೊಡ್ಡಮ್ಮನ ತಪ್ಪು ಎಂದು ಬರೆದು ಮುಗಿಸುತ್ತಾರೆ.

ಭಾನುವಾರ ಬಿಟ್ಟರೆ ಗೇಟಿಗೆ ಬೀಗ, ಕಿಟಕಿಗೆ ಮೊಳೆ, ಫೋನಿನ ಪೆಟ್ಟಿಗೆಗೆ ಬೀಗ. ಈಗ ದಿನಕ್ಕೂ ಬೀಗ ಹಾಕಿದ್ದಾರೆ.

ತಂಗಿ

*

ಸೆಪ್ಟೆಂಬರ್ 22, ಗುರುವಾರ

ಮೆಣಸಿನಕಾಯಿ,

ಪಂಕ್ಚರ್ ಅಂಗಡಿಯವರಿಗೆ ಇದು ಮುಟ್ಟಿದ ಕೂಡಲೇ ನಿನಗೆ ತಲುಪಿಸಬೇಕೆಂದು ಕವರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ನೋಟಿಸು ಹೊರಟು ಹತ್ತು ದಿನವಾಗಿದೆ. ಒಂದು ಪ್ರತಿ ಕಾಲೇಜಿಗೂ ಬಂದಿದೆ, ಸಹಿ ನಮ್ಮದಲ್ಲವೇ. ಅದೇ ಗುಮಾಸ್ತರು ನಿನ್ನೆ ಅದೇ ಫಿಲ್ಟರಿನ ಹತ್ತಿರ ಕರೆದು, "ಮೇಡಂ, ಇದನ್ನ ನಿಮಗೆ ತೋರಿಸ್ಬೇಡ ಅಂದಿದ್ದಾರೆ. ಅದಕ್ಕೇ ತೋರಿಸ್ತಿದ್ದೀನಿ. ಪೂರ್ತಿ ಓದಿ" ಎಂದರು.

ಇವತ್ತು ತರಗತಿಯಲ್ಲಿ ಹೇಳಿದೆ. ಇಪ್ಪತ್ತನಾಲ್ಕು ಫಾರಂ, ಫಿಲ್ಟರು, ಎಲ್ಲ. ಮೊದಲು ನಕ್ಕರು, ಇದೂ ಖಾಲಿ ಹಾಳೆಯ ಥರ ಏನೋ ಆಟ ಎಂದುಕೊಂಡು. ಆಮೇಲೆ ನಗು ನಿಂತಿತು. ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ನೀವೂನಾ?" ಎಂದ. "ಹೂಂ, ನಾನೂ" ಎಂದೆ.

ಆ ನಾಲ್ವರನ್ನು ಕೂರಿಸಿಕೊಂಡು ಕೇಳಿದೆ, ನೀನು ಹೇಳಿದ ಹಾಗೆ. ಇಬ್ಬರು ಒಪ್ಪಲಿಲ್ಲ. ಒಬ್ಬ ಎದ್ದು ಹೋಗುವಾಗ, "ನಿಮ್ ತಪ್ಪಿಗೆ ನಮ್ ವರ್ಷ ಯಾಕ್ ಮಿಸ್?" ಎಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಅವನ ಮುಖ ಕಣ್ಣಿಂದ ಹೋಗುತ್ತಿಲ್ಲ. ಚಷ್ಮಾ ಮತ್ತು ಇನ್ನೊಬ್ಬಳು ಬರುತ್ತಾರೆ, ಮೊದಲ ಹಾಳೆಯೊಂದಿಗೆ.

ಹೇಳಿಕೆ ಬರೆದಿದ್ದೇನೆ, ಮೂರು ಪುಟ. ಸಹಿ ಹಾಕಲು ಪೆನ್ನು ತೆಗೆದೆ, ಚಷ್ಮಾ ಹಾಳೆ ಎಳೆದುಕೊಂಡಳು. "ನಾನ್ ಓದ್ತೀನಿ, ನೀವ್ ಕೇಳಿ ಮಿಸ್" ಎಂದು ಪೂರ್ತಿ ಓದಿದಳು. ಕೊನೆಯ ಪುಟದಲ್ಲಿ "ಪರಿಸ್ಥಿತಿಯ ಒತ್ತಡದಿಂದ" ಎಂದು ಬರೆದಿದ್ದೆ. ಅಲ್ಲಿ ನಿಂತು ನನ್ನ ಮುಖ ನೋಡಿದಳು. ಹೊಡೆದು ಹಾಕಿದೆ. ಆಮೇಲೆ ಸಹಿ. ಕೊಕ್ಕೆ ಸೊಟ್ಟಗಾಯಿತು, ಇರಲಿ.

ಸರ್ಟಿಫಿಕೇಟು ಬೀರುವಿನಲ್ಲೇ ಇದೆ, ಬಹುಶಃ ಅಲ್ಲೇ ಇರುತ್ತದೆ. ರಜೆ ಕೇಳಿದೆ, ಕೊಡಲಿಲ್ಲ. ಕೇಳದೆ ಬರುತ್ತೇನೆ. ಕೆಲಸದ ದಿನ ಗೇಟು ನಿಮಗೂ ತೆರೆಯುವುದಿಲ್ಲ, ಗೊತ್ತು. ನೋಟಿಸಿನ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕಾವಲಿನವನಿಗೆ ತೋರಿಸಿ, ಓದಲು ಬರದಿದ್ದರೆ ಓದಿ ಹೇಳಿ. ಅಧಿಕಾರಿ ಕರೆದವರನ್ನು ತಡೆಯುವುದು ಅವನ ಕೆಲಸವಲ್ಲ ಎಂದು ಅದರ ಕೊನೆಯ ಸಾಲಿನಲ್ಲೇ ಇದೆ. ದೊಡ್ಡಮ್ಮನಿಗೆ ಹೇಳು, ಆ ಕೈ ಇನ್ನೊಂದು ಹಾಕಿದೆ.

ಕಾರ್ಮಿಕ ಅಧಿಕಾರಿಯ ಕಚೇರಿ, ಎರಡನೇ ಮಹಡಿ, ಎಡಗಡೆಯ ಕೊನೆಯ ಕೋಣೆ. ಸೆಪ್ಟೆಂಬರ್ 28, ಬುಧವಾರ, ಬೆಳಗ್ಗೆ ಹತ್ತೂವರೆ ಗಂಟೆ.